ನಾಲ್ಕು ನಾಲ್ಕುಗಳಿಗೆ ನೀವೇ ಬಂದು ಬೆಲೆ ಕಟ್ಟಿ

ವಾಹನ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ ಎಂದು ಶುರು ಮಾಡುವುದು ರೂಢಿ. ಮಾಡಿದ್ದೇನೆ. ಇನ್ನು ವಿಷಯ: ನೀವು ನನ್ನ ಅಕ್ಕನಿಗೆ ಒಂದು ಸುಳ್ಳನ್ನು ಮಾರಿದ್ದೀರಿ. ಹರಾಜು ಕೂಗಿ, ಮುದ್ರೆ ಒತ್ತಿ, ರಸೀದಿ ಕೊಟ್ಟು ಮಾರಿದ್ದೀರಿ. ಈಗ ಅದನ್ನು ಅವಳು ಮಾರಲು ಹೊರಟರೆ ಕೊಳ್ಳುವವರಿಲ್ಲ.

ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕದ ಗೋಡೆಯಲ್ಲಿ, ತಲೆಗಿಂತ ಮೇಲೆ, ಆಳೆತ್ತರದ ಜಾಹೀರಾತೊಂದಿದೆ. ಥಳಥಳ ಹೊಳೆಯುವ ಕಾರು, ಹಲ್ಲು ಕಿಸಿದು ನಿಂತ ಸಂಸಾರ, ಕೆಳಗೆ ದಪ್ಪ ಅಕ್ಷರ: ‘ಮೆಚ್ಚಿನ ಸಂಖ್ಯೆ ನಿಮ್ಮದೇ ಆಸ್ತಿ. ಮಾರುವಾಗಲೂ ಕೈ ಬಿಡದು.’ ನೀವು ಬೇರೆ ಬಾಗಿಲಿನಿಂದ ಒಳಗೆ ಹೋಗುವವರು, ನೋಡಿರಲಿಕ್ಕಿಲ್ಲ. ನಾವು ಸರದಿಯಲ್ಲಿ ನಿಲ್ಲುವವರು, ಬಾಯಿಪಾಠ ಆಗಿದೆ.

ನನ್ನ ಅಕ್ಕ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಒಂದೇ ಕಾರಿನ ಶಾಲೆ. ಆಫೀಸು ಅಂದರೆ ಹಿಟ್ಟಿನ ಗಿರಣಿಯ ಪಕ್ಕದ ಒಂದು ಕೋಣೆ, ಎರಡು ಕುರ್ಚಿ, ಗೋಡೆಗೆ ರಸ್ತೆ ಚಿಹ್ನೆಗಳ ಪಟ. ಹೊಸ ಟೈರಿಗೆಂದು ಕೂಡಿಟ್ಟಿದ್ದನ್ನೆಲ್ಲ ನಿಮ್ಮ ಹರಾಜಿಗೆ ಸುರಿದು ಗಾಡಿಗೆ ನಾಲ್ಕು ನಾಲ್ಕುಗಳ ಸಂಖ್ಯೆ, 4444, ತಂದಳು. ಶೋಕಿಗಲ್ಲ. ಮೂಲೆಯಲ್ಲಿ ಕಾಯುವ ಹುಡುಗಿ ದೂರದಿಂದಲೇ ಗಾಡಿ ಗುರುತು ಹಿಡಿಯಬೇಕು, ‘ನಾಲ್ಕು ನಾಲ್ಕರಲ್ಲಿ ಇದ್ದೀನಿ’ ಅಂತ ಮನೆಗೆ ಒಂದೇ ಮಾತಲ್ಲಿ ಹೇಳಬೇಕು, ಅದಕ್ಕೆ. ಆ ವರ್ಷವೆಲ್ಲ ಬೋಳು ಟೈರಿನಲ್ಲೇ ಗಾಡಿ ಓಡಿತು. ಆದರೆ ಶಾಲೆ ಬೆಳೆಯಿತು. ಅಕ್ಕನ ಸ್ವಂತ ಹೆಸರು ಜನಕ್ಕೆ ಮರೆತೇಹೋಯಿತು, ಎಲ್ಲರ ಬಾಯಲ್ಲೂ ‘ನಾಲ್ಕಕ್ಕ’ ಆದಳು.

ಈಗ ನಿಮ್ಮ ಹೊಸ ಆಜ್ಞೆ ಬಂದಿದೆ. ಕಲಿಸುವ ಹಳೆಯ ಗಾಡಿಗಳು ರಸ್ತೆಗೆ ಇಳಿಯಕೂಡದು, ಕಲಿಸುವವರ ಕಾಲಡಿಯಲ್ಲೂ ಬ್ರೇಕು ಇರುವ ಹೊಸ ಗಾಡಿಯೇ ಆಗಬೇಕು. ಆಜ್ಞೆ ತಪ್ಪು ಅನ್ನಲಾರೆ. ಇಷ್ಟು ವರ್ಷ ಅಕ್ಕನ ಬ್ರೇಕು ಅಂದರೆ ಅವಳ ಗಂಟಲು ಮಾತ್ರ. ಆದರೆ ತಿಂಗಳ ಕೊನೆಯೊಳಗೆ ಹೊಸ ಗಾಡಿ ನಿಲ್ಲಿಸದಿದ್ದರೆ ಶಾಲೆಯ ಪರವಾನಗಿ ರದ್ದು. ಹಳೆಯದು ಒಳ್ಳೆಯ ಬೆಲೆಗೆ ಹೋದರೆ ಹೊಸದು, ಇಲ್ಲದಿದ್ದರೆ ಗಿರಣಿಯ ಪಕ್ಕದ ಆ ಕೋಣೆಗೆ ಬೀಗ. ಅಕ್ಕ ಹೆದರಲಿಲ್ಲ. “ನಂಬರ್ ಇದೆಯಲ್ಲೇ, ಅದೇ ಕೈ ಹಿಡಿಯುತ್ತೆ” ಅಂದಳು. ನಿಮ್ಮ ಗೋಡೆಯನ್ನು ಅಷ್ಟು ನಂಬಿದ್ದಳು.

ಹಳೆ ಕಾರಿನ ವ್ಯಾಪಾರಿಯ ಅಂಗಳಕ್ಕೆ ಹೋದೆವು. ಅವನು ಮೊದಲು ಮಾಡಿದ್ದೇನು ಗೊತ್ತೆ? ಹೆಗಲ ಮೇಲಿದ್ದ ಒರೆಸುವ ಬಟ್ಟೆ ತೆಗೆದು ನಂಬರ್ ಪ್ಲೇಟಿನ ಮೇಲೆ ಹೊದಿಸಿದ. ಹಿಂದಿನ ಪ್ಲೇಟಿಗೆ ಇನ್ನೊಂದು ಬಟ್ಟೆ. ಎಲ್ಲ ಗಾಡಿಗೂ ಹೀಗೇ ಅಂತೆ.

“ಏನಣ್ಣ, ಗಾಡಿಗೆ ನಾಚಿಕೆನಾ?” ಅಂದೆ.

“ನನಗೆ ಆಸೆ ತಂಗಿ. ಪ್ಲೇಟು ನೋಡ್ತಾ ಬೆಲೆ ಕಟ್ಟಿ ಎರಡು ಸಲ ಕೈ ಸುಟ್ಕೊಂಡಿದೀನಿ.” ಬಾನೆಟ್ ಎತ್ತಿದ, ಕ್ಲಚ್ ತುಳಿದ, ಮುಖ ಹುಳ್ಳಗೆ ಮಾಡಿದ. ಅವನು ಹೇಳಿದ ಬೆಲೆಗೆ ಹೊಸ ಗಾಡಿಯ ಬಾಗಿಲೂ ಬರುವುದಿಲ್ಲ.

“ನಂಬರಿಗೆ?” ಅಕ್ಕ ಕೇಳಿದಳು.

“ನೋಡಕ್ಕ, ಈ ನಂಬರ್ ಬೇಕು ಅನ್ನೋನು ಈ ಗಾಡಿ ಹತ್ತಲ್ಲ. ಈ ಗಾಡಿ ಹತ್ತೋನಿಗೆ ನಂಬರ್ ಬೇಕಿಲ್ಲ. ಕೋಳಿಗೆ ಕಿರೀಟ ಇಟ್ರೆ ಮೊಟ್ಟೆಗೆ ರೇಟು ಜಾಸ್ತಿಯಾಗುತ್ತಾ?”

ನೇರವಾಗಿ ಜನಕ್ಕೇ ಮಾರೋಣ ಎಂದು ಹಿಂತಿರುಗಿದೆವು. ದರ್ಜಿಯೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದ. ಗಾಡಿ ತೊಳೆದು ಮೇಣ ಹಚ್ಚಿ ನಿಲ್ಲಿಸಿದ್ದೆವು. ಆ ಹೆಂಗಸು ಪ್ಲೇಟು ನೋಡಿದವಳೇ ಬಾಯಿಗೆ ಕೈ ಹಿಡಿದು ನಕ್ಕಳು.

“ಅಯ್ಯೋ ನಾಲ್ಕಕ್ಕ, ನಿಮ್ಮ ಗಾಡಿನಾ! ರೀ, ಇದರಲ್ಲೇ ಕಣ್ರೀ ನಾನು ಕಲಿತಿದ್ದು. ನನ್ನ ನಾದಿನೀನೂ ಇದರಲ್ಲೇ, ಅವಳು ಲೈಟ್ ಕಂಬಕ್ಕೆ ಗುದ್ದಿದಳಲ್ಲ, ಅದೂ ಇದೇ.”

“ಹಾಗಾದ್ರೆ ಊರಿನ ಹೆಂಗಸರೆಲ್ಲ ಇದರ ಗೇರ್ ಕಿತ್ತಿದ್ದಾರೆ ಅನ್ನು” ಎಂದ ದರ್ಜಿ. ಮುಟ್ಟಿಯೂ ನೋಡದೆ ಹೊರಟ.

ಆಮೇಲೆ ಬಂದವರದೂ ಅದೇ ಕಥೆ. ಅದು ಬೇರೆ ಯಾವುದೇ ಸಂಖ್ಯೆಯಾಗಿದ್ದರೆ ಸಾವಿರ ಬೂದು ಕಾರುಗಳಲ್ಲಿ ಇದೂ ಒಂದಾಗಿ, ಗಾಡಿಯ ಗುಣ ನೋಡಿ ಕೊಳ್ಳುತ್ತಿದ್ದರು. ಮಾನ್ಯರೇ, ಇದು ನೀವು ಹೇಳಿದ ಆಸ್ತಿಯೋ, ಹಣೆಗೆ ಒತ್ತಿದ ಬರೆಯೋ?

ಕೊನೆಗೆ ಒಬ್ಬ ಗಿರಾಕಿ ಸಿಕ್ಕ. ಕಟ್ಟಡ ಕಟ್ಟಿಸುವ ಗುತ್ತಿಗೆದಾರ, ದೊಡ್ಡ ಕುಳ. ಅವನಿಗೆ ಗಾಡಿ ಬೇಡ, ಸಂಖ್ಯೆ ಬೇಕು. ಅವನು ಕೊಡುತ್ತೇನೆಂದ ಹಣದಲ್ಲಿ ಹೊಸ ಗಾಡಿ ಬಂದುಬಿಡುತ್ತಿತ್ತು. ಅಕ್ಕ ಗಾಡಿಯನ್ನು ನಿಮ್ಮ ಗೇಟಿನಲ್ಲೇ ಬಿಟ್ಟು, ನನ್ನ ತೋಳು ಹಿಡಿದು ಹೆಚ್ಚುಕಡಿಮೆ ಓಡಿಸಿಕೊಂಡೇ ನಿಮ್ಮ ಕಚೇರಿಗೆ ಕರೆತಂದಳು. ಕಿಟಕಿಯ ಗುಮಾಸ್ತರು ಚಹಾ ಮುಗಿಸಿ, ಲೋಟ ಬೋರಲು ಹಾಕಿ, ಹೇಳಿದರು:

“ಸಂಖ್ಯೆ ಗಾಡಿಗೆ ಸೇರಿದ್ದಮ್ಮ. ಬಿಡಿಸಿ ಮಾರೋ ಹಾಗಿಲ್ಲ. ನಿಮ್ಮ ಹೊಸ ಗಾಡಿಗೂ ಬರಲ್ಲ. ಬೇಡ ಅಂದ್ರೆ ವಾಪಸ್ ಕೊಡಿ, ನಾವು ಮತ್ತೆ ಹರಾಜು ಹಾಕ್ತೀವಿ.”

“ಆ ಗುತ್ತಿಗೆದಾರರು ಹರಾಜಲ್ಲಿ ತಗೊಂಡ್ರೆ ನನಗೆ?” ಅಕ್ಕ ಕೇಳಿದಳು.

“ನಿಮಗೇನು? ನಿಮ್ಮದು ನೀವು ಉಪಯೋಗಿಸಿದ್ರಲ್ಲ.”

“ಮತ್ತೆ ಗೋಡೆ ಮೇಲೆ ಆಸ್ತಿ ಅಂತ ಬರೆದಿದ್ದೀರಿ?”

“ಅದು ಜಾಹೀರಾತು ಕಣಮ್ಮ.”

ಕಂಬಕ್ಕೆ ನುಗ್ಗುವ ಗಾಡಿಯಲ್ಲೂ ಪಕ್ಕಕ್ಕೆ ಕೂತು ಧೈರ್ಯ ಹೇಳಿ ಅಭ್ಯಾಸವಿರುವ ಅಕ್ಕ ಅವತ್ತು ಮನೆಗೆ ಬರುವಾಗ ಸ್ಟಿಯರಿಂಗ್ ನನ್ನ ಕೈಗೆ ಕೊಟ್ಟಳು. ನನ್ನ ಓಡಿಸುವಿಕೆ ಬಲ್ಲವರಿಗೆ ಗೊತ್ತು, ಅವಳು ಎಷ್ಟು ಸೋತಿದ್ದಳೆಂದು.

ಹೇಳಿ, ನನ್ನ ಆಸ್ತಿಯನ್ನು ನಾನು ಮಾರಬಾರದು, ನೀವು ಎರಡು ಸಲ ಮಾರಬಹುದು ಎಂದರೆ ಅದು ಯಾರ ಆಸ್ತಿ? ಬೀದಿಯಲ್ಲಿ ಒಬ್ಬ ಹೀಗೆ ಮಾಡಿದರೆ ಮೋಸಗಾರ ಎಂದು ಕತ್ತಿನ ಪಟ್ಟಿ ಹಿಡಿಯುತ್ತೀರಿ. ಕಚೇರಿ ಮಾಡಿದರೆ ಆದಾಯ ಎನ್ನುತ್ತೀರಿ. ಸಿರಿವಂತನಿಗೆ ನಷ್ಟವಿಲ್ಲ, ಅವನು ಕೊಂಡದ್ದು ನಾಲ್ಕು ಜನರ ಮುಂದಿನ ಜಂಬ, ಅದು ಅವತ್ತೇ ವಸೂಲಾಯಿತು. ನಿಮ್ಮ ಮಾತನ್ನು ಮಾತೆಂದು ನಂಬಿ, ಟೈರು ಬಿಟ್ಟು ಅಂಕೆ ಕೊಂಡವರ ಕಥೆಯೇನು? ನಾನು ಬೀದಿ ಹೋರಾಟದಲ್ಲಿ ಬೆಳೆದವಳು. ಲಾಠಿ ಹಿಡಿದು ಬಂದವರನ್ನು ನೋಡಿದ್ದೇನೆ, ಅವರು ಎದುರಿನಿಂದಲಾದರೂ ಬರುತ್ತಾರೆ. ನೀವು ಹೊಡೆದದ್ದು ರಸೀದಿ ಕೈಗಿಟ್ಟು.

ಆದ್ದರಿಂದ ಬೇಡಿಕೆ. ಆ ಸಂಖ್ಯೆಯನ್ನು ಮಾರುವ ಹಕ್ಕು ಅಕ್ಕನಿಗೆ ಕೊಡಿ. ಆಗದಿದ್ದರೆ ನಿಮ್ಮ ಗೋಡೆಯ ಮಾತಿಗೆ ನೀವೇ ಬೆಲೆ ತೆರಿ. ಹೇಗೆಂದು ತಲೆ ಕೆಡಿಸಿಕೊಳ್ಳಬೇಡಿ, ದಾರಿ ನಾವೇ ತೋರಿಸುತ್ತೇವೆ. ಬರುವ ಸೋಮವಾರ ಕಚೇರಿ ತೆರೆಯುವ ಹೊತ್ತಿಗೆ ನಾಲ್ಕು ನಾಲ್ಕನ್ನು ತಂದು ಆ ಜಾಹೀರಾತಿನ ಕೆಳಗೇ ನಿಲ್ಲಿಸುತ್ತೇವೆ. ಅದರಲ್ಲಿ ಕಲಿತ ಹೆಂಗಸರೂ ಬರುತ್ತಾರೆ, ಕಂಬಕ್ಕೆ ಗುದ್ದಿದ ನಾದಿನಿಯೂ ಸೇರಿ. ವ್ಯಾಪಾರಿಯಿಂದ ಆ ಒರೆಸುವ ಬಟ್ಟೆಗಳನ್ನು ಇಸಿದುಕೊಂಡಿದ್ದೇನೆ. ನೀವು ಕೆಳಗಿಳಿದು ಬನ್ನಿ. ಪ್ಲೇಟು ಮುಚ್ಚಿ ಒಂದು ಬೆಲೆ ಹೇಳಿ. ಬಟ್ಟೆ ತೆಗೆದು ಇನ್ನೊಂದು ಬೆಲೆ ಹೇಳಿ. ಎರಡರ ನಡುವಿನ ವ್ಯತ್ಯಾಸವನ್ನು ಅಲ್ಲೇ ಅಕ್ಕನ ಕೈಗಿಡಿ.

ವ್ಯತ್ಯಾಸವೇ ಇಲ್ಲ ಎನ್ನುತ್ತೀರಾ? ಹಾಗಿದ್ದರೆ ಅದನ್ನೇ ಎಲ್ಲರೆದುರು ಜೋರಾಗಿ ಹೇಳಿ. ಏಣಿಯನ್ನೂ ತಂದಿರುತ್ತೇವೆ. ಆ ಬಟ್ಟೆಯನ್ನು ಪ್ಲೇಟಿನಿಂದ ತೆಗೆದು ನಿಮ್ಮ ಗೋಡೆಯ ಆ ದಪ್ಪ ಅಕ್ಷರಗಳಿಗೆ ಹೊದಿಸುತ್ತೇವೆ.

ಇಂತಿ,
ನಾಲ್ಕಕ್ಕನ ಶಾಲೆಯಲ್ಲೇ ಕಲಿತರೂ ನಿಮ್ಮ ಪರೀಕ್ಷೆಯಲ್ಲಿ ಇನ್ನೂ ಪಾಸಾಗದ, ಆದರೂ ಸೋಮವಾರ ಗಾಡಿಯ ಹಿಂದೆ ನಡೆದಾದರೂ ಬರುವ ತಂಗಿ