ಬಚ್ಚಲಿನ ಕಿಟಕಿ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ವೈರು ಸುಲಿಯುವುದೇ ಕೆಲಸ. ತಾಮ್ರ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ. ಗುಜರಿ ಅಂಗಡಿಯವರ ಸೊಸೆಯಾಗಿ ಹದಿನಾರು ವರ್ಷ. ಮಧ್ಯಾಹ್ನ ಮೈದುನ ಒಂದು ಲಾರಿ ಹಳೆ ಕಂಪ್ಯೂಟರ್ ತಂದು ಸುರಿದ. ಬಾಗಿಲು ಮುಚ್ಚಿದ ಯಾವುದೋ ಆಫೀಸಿನದು. ಬೋರ್ಡುಗಳಲ್ಲಿ ಚಿನ್ನ ಇರುತ್ತದಂತೆ, ಆಸಿಡ್ ಹಾಕಿ ಬಿಡಿಸಬಹುದಂತೆ. ಅದರ ವಿಧಾನ ತೆರೆದು ಫೋನ್ ನನ್ನ ಕೈಗಿಟ್ಟ.

“ಅತ್ತಿಗೆ, ಎಲ್ಲ ಇಂಗ್ಲಿಷ್‌ನಲ್ಲಿದೆ, ಓದಿ ಹೇಳಿ. ನಿಮ್ಮ ಕಾನ್ವೆಂಟು ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ.”

ಇವರು ನಕ್ಕರು. ನಾನೂ ನಕ್ಕೆ. ಓದಿ ಹೇಳಿದೆ.

ಮಾರ್ಚ್ 10

ಬಂತು. ಕಡಲೆಕಾಳಿನಷ್ಟು. ಅಕ್ಕಸಾಲಿಗ ಉಜ್ಜಿ ನೋಡಿ, ಮರುಮಾತಿಲ್ಲದೆ ಕೊಂಡನಂತೆ. ಮೂರು ತಿಂಗಳ ದುಡಿಮೆ ಒಂದೇ ವಾರಕ್ಕೆ... ಇವರು ಮಗಳಿಗೆ ಸೈಕಲ್ ತಂದರು. ಸಂಜೆ ಒಂದು ಮನೆ ನೋಡಿ ಬಂದೆವು. ಎರಡು ಕೋಣೆ, ಬಾಲ್ಕನಿ. ಬಾಲ್ಕನಿಯಿಂದ ನನಗೆ ಕದಲಲು ಮನಸ್ಸಾಗಲಿಲ್ಲ.

ಮಾರ್ಚ್ 15

ಪಕ್ಕದ ಮನೆಯಾಕೆ ಬಂದು, ಇದೇನು ವಾಸನೆ ಎಂದಳು. ಫಿನಾಯಿಲ್ ಎಂದೆ. ಇಷ್ಟು ಸಲೀಸಾಗಿ ಸುಳ್ಳು ಹೇಳುತ್ತೇನೆಂದು ಗೊತ್ತಿರಲಿಲ್ಲ.

ಆಸಿಡ್ ಕೆಲಸ ನಡೆಯುವುದು ಮನೆಯ ಬಚ್ಚಲಲ್ಲಿ; ಅದರ ಕಿಟಕಿ ಮುಚ್ಚಬೇಕು ಎಂದ ಮೈದುನ. ಮುಚ್ಚಿದ ಜಾಗದಲ್ಲಿ ಕೂಡದು, ಬಯಲಿನಲ್ಲೇ ಮಾಡಬೇಕು ಅಂತ ಆ ಫೋನಿನಲ್ಲೇ ಬರೆದಿದೆ ಎಂದೆ.

“ಬಯಲಲ್ಲಿ ಮಾಡಿದ್ರೆ ನಾಳೆ ಬೀದಿಗೆ ಬೀದೀನೇ ಆಸಿಡ್ ಹಿಡ್ಕೊಂಡು ಕೂರುತ್ತೆ,” ಎಂದರು ಇವರು.

ಹೇಳುವುದನ್ನು ಹೇಳಿದ್ದೇನೆ ಎಂಬ ಸಮಾಧಾನ. ಆದರೆ ಕಿಟಕಿಯ ಸಂದಿಗೆ ಟೇಪು ಅಂಟಿಸಿದ್ದು ನಾನೇ.

ಮಾರ್ಚ್ 17

ಮಗಳಿಗೆ ಕೆಮ್ಮು. ನಿಲ್ಲಿಸಿಬಿಡೋಣವೇ ಎಂದು ಕೇಳಿದರು ಇವರು. ಅರ್ಧ ಲಾರಿ ಉಳಿದಿದೆ, ಅದೊಂದು ಮುಗಿಯಲಿ ಎಂದೆ.

ಇವರಲ್ಲ. ನಾನು.

ಮಾರ್ಚ್ 24, ಸಂಜೆ 5.30, ಆಸ್ಪತ್ರೆ

ಬರೆಯದಿದ್ದರೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇವತ್ತು ಶಾಲೆ ಬೇಗ ಬಿಟ್ಟಿದೆ. ನಾನು ಅಂಗಡಿಯಲ್ಲಿದ್ದೆ. ಮೈದುನ ಬೋರ್ಡುಗಳನ್ನು ಆಸಿಡ್‌ಗೆ ಹಾಕಿ ಚಹಾಕ್ಕೆ ಹೋಗಿದ್ದ. ಬಚ್ಚಲಿಗೆ ಬೀಗವಿಲ್ಲ. ಒಳಗೆಲ್ಲ ಕಂದು ಹೊಗೆ. ನಾನು ಬಂದಾಗ ಮಗಳು ಹೊಸ್ತಿಲ ಮೇಲೆ ಬಿದ್ದಿದ್ದಳು. ತುಟಿ ನೀಲಿ. ಆಟೋದಲ್ಲಿ ನನ್ನ ಸೆರಗು ಹಿಡಿದು, “ಅಮ್ಮಾ, ಬೈಬೇಡ... ಬರೀ ಕಾಲು ತೊಳ್ಕೊಳ್ಳೋಕೆ ಹೋಗಿದ್ದೆ,” ಎಂದಳು.

ಏನು ಕುಡಿದಿದ್ದಾಳೆ, ಉಸಿರಿಗೆ ಏನು ಹೋಗಿದೆ ಎಂದು ಕೇಳಿದರು ಡಾಕ್ಟರ್. ನಾನು ಬಾಯಿ ತೆರೆಯುವ ಮೊದಲೇ ಮೈದುನ, ನೆಲ ಒರೆಸೋ ಲಿಕ್ವಿಡ್ ಸರ್ ಎಂದ. ಇವರು ನನ್ನ ಮೊಣಕೈ ಹಿಡಿದರು.

“ಪೊಲೀಸ್ ಬಂದ್ರೆ ಎಲ್ಲಾ ಹೋಗುತ್ತೆ. ಶುಕ್ರವಾರ ಆ ಬಾಲ್ಕನಿ ಮನೆ ರಿಜಿಸ್ಟರ್ ಇದೆ. ಸುಮ್ನಿರು.”

ಸುಮ್ಮನಿದ್ದೆ.

6.40

ಹೇಳಿದೆ. ಎದ್ದು ಹೋಗಿ, ಆಸಿಡ್, ಹೊಗೆ, ಮುಚ್ಚಿದ ಕಿಟಕಿ, ಎಲ್ಲ. ಡಾಕ್ಟರ್ ಬೈಯಲಿಲ್ಲ. ಗಡಿಯಾರ ನೋಡಿ, “ಎರಡು ಗಂಟೆ ಆಯ್ತಲ್ಲಮ್ಮ,” ಎಂದಷ್ಟೇ ಹೇಳಿ ಒಳಗೆ ಓಡಿದರು.

ಎರಡು ಗಂಟೆ. ಇವರ ಕೈ ಬಿಡಿಸಿಕೊಳ್ಳಲಾರದಷ್ಟು ಬಿಗಿಯಾಗಿತ್ತೇ? ಇರಲಿಲ್ಲ. ಹಾಗಾದರೆ ಆ ಎರಡು ಗಂಟೆ ನಾನು ಯೋಚಿಸುತ್ತಿದ್ದದ್ದು... ಆ ಬಾಲ್ಕನಿಯನ್ನೇ?

ನರ್ಸ್ ಬಾಗಿಲು ತೆರೆದಳು. ತಾಯಿ ಒಬ್ಬರೇ ಬನ್ನಿ ಎನ್ನುತ್ತಿದ್ದಾಳೆ. ಇವರು ಎದ್ದು ನಿಂತಿದ್ದಾರೆ. ನಾನು ಇನ್ನೂ ಬರೆಯುತ್ತಲೇ ಇದ್ದೇನೆ.