ಏಳು ನಂಬರಿನ ಬೂಟು

ನವೆಂಬರ್ 3, ಬೆಳಿಗ್ಗೆ 6.30
ಸೈಕಲ್, ಹತ್ತೇ ನಿಮಿಷ. ಹಾಲ್‌ನಲ್ಲಿ ಕದಲದೆ ನಿಂತಿರುವ ವ್ಯಾಯಾಮದ ಸೈಕಲ್. ಶುಗರ್ ಇಳಿಸಲು ಡಾಕ್ಟರು ಹೇಳಿದ್ದು. ಬರಿಗಾಲಿಗೆ ಪೆಡಲ್ ಜಾರುತ್ತದೆ. ಹಳೇ ಬೂಟು ಹಾಕಿಕೊಂಡು ಬಂದೆ, ಹೆಂಡತಿ ರಶೀದಾ ಬಾಗಿಲಲ್ಲೇ ತಡೆದಳು.
"ನಮಾಜ್ ಮಾಡೋ ಜಾಗಾ ಅದ. ಬೂಟ್ ಹಾಕ್ಕೊಂಡು ಒಳಗ ಬರ್ತೀರೇನು? ಮೂವತ್ತು ವರ್ಷ ಮಾಸ್ತರಕಿ ಮಾಡೀರಿ, ಇಷ್ಟು ತಿಳೀಲಿಲ್ಲೇನ್ರಿ?"
ಸರಿ. ಹೊರಗಿನ ಮಣ್ಣು ಮುಟ್ಟದ ಹೊಸ ಜೋಡಿ ಬೇಕು, ಮನೆಯೊಳಗೆ ಮಾತ್ರ ಹಾಕಲು.

ನವೆಂಬರ್ 6
ಶಹಾಬಾದ ಬಜಾರಿನಲ್ಲಿ ನಾಮದೇವನ ಅಂಗಡಿ. ನನ್ನ ಹಳೇ ವಿದ್ಯಾರ್ಥಿ. ಅವನಪ್ಪ ಚಪ್ಪಲಿ ಹೊಲಿಯುತ್ತಿದ್ದ. ಇವನೂ ಹೊಲಿಯುತ್ತಾನೆ, ಸ್ಪೋರ್ಟ್ಸ್ ಶೂ ಕೂಡ ಇಟ್ಟಿದ್ದಾನೆ. ಹಾಳೆಯ ಮೇಲೆ ನನ್ನ ಪಾದ ಇಡಿಸಿ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ. ಎಂಟು ಎಂದ.
ಎಂಟು ಹಾಕಿದೆ... ಏನೂ ಹಾಕಿದಂತೆಯೇ ಇಲ್ಲ. ಏಳು ಹಾಕಿದೆ. ಹಿಡಿತ ಸಿಕ್ಕಿತು. ಆರಾಮ.
"ಏಳು ಬ್ಯಾಡ್ರಿ ಸರ್, ಭಾಳ ಬಿಗಿ ಅದ. ಬೆರಳು ಮಡಚ್ಯಾವ, ಕೈಯಿಟ್ಟು ನೋಡೀನಿ."
"ಕಾಲು ನಂದು. ಗಣಿತದಾಗ ಎರಡು ಸಲ ಫೇಲ್ ಆದಾಂವ, ನನಗ ಅಳತಿ ಕಲಿಸ್ತೀ ಏನು?"
ಗಿರಾಕಿಗಳು ನಕ್ಕರು. ನಾಮದೇವ ಏಳನ್ನೇ ಕಟ್ಟಿಕೊಟ್ಟ. ನನ್ನ ಮುಖ ನೋಡಲಿಲ್ಲ. ಅಷ್ಟು ಅನ್ನಬಾರದಿತ್ತು.

ನವೆಂಬರ್ 10
ನಲವತ್ತು ನಿಮಿಷ ತುಳಿದೆ. ಎಳ್ಳಷ್ಟೂ ನೋವಿಲ್ಲ. ಮಗಳು ಸಾನಿಯಾಗೆ ಫೋನಿನಲ್ಲಿ ಜಂಬ ಕೊಚ್ಚಿದೆ. ಬೂಟು ಆರಿಸಲೂ ತಲೆ ಬೇಕು ಎಂದೆ.

ನವೆಂಬರ್ 14, ಮಧ್ಯಾಹ್ನ
ಜುಮ್ಮಾ, ಶುಕ್ರವಾರದ ನಮಾಜ್. ಮಸೀದಿಯ ನಳದಲ್ಲಿ ವಜೂ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದು. ಕಾಲು ತೊಳೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಾಜಿಮಲಂಗ್ ಮೆಲ್ಲಗೆ —
"ಮಾಸ್ತರ್ ಸಾಬ್, ಕಾಲಿಂದ ರಕ್ತ ಬರಾಕತ್ತದ ನೋಡ್ರಿ."
ಬಲಗಾಲಿನ ಕಿರುಬೆರಳು. ಚರ್ಮ ಸುಲಿದು ಒಳಗೆ ಕಪ್ಪು. ನನಗೆ ಗೊತ್ತೇ ಇಲ್ಲ. ಕಲ್ಲು ಎಡವಿದೆ ಎಂದುಬಿಟ್ಟೆ. ಮಸೀದಿಯಲ್ಲಿ ಕೂತು ಸುಳ್ಳು. ರಕ್ತ ಹರಿದರೆ ವಜೂ ಮುರಿಯುತ್ತದೆ, ನಮಾಜ್ ಆಗದು. ಎಲ್ಲರೂ ಒಳಗೆ ಹೋದರು, ನಾನು ಮನೆಗೆ ಬಂದೆ. ನಮಾಜ್ ಆಯಿತೇ ಎಂದಳು ರಶೀದಾ. ಹೂಂ ಎಂದೆ.

ನವೆಂಬರ್ 18
ಸಾಕ್ಸ್ ನಾನೇ ಒಗೆಯುತ್ತಿದ್ದೇನೆ, ಬಚ್ಚಲ ಬಾಗಿಲು ಹಾಕಿಕೊಂಡು. ಮಸೀದಿಗೆ ಹೋಗುತ್ತಿಲ್ಲ; ಮಂಡಿನೋವು ಎಂದು ನೆಪ. ಡಾಕ್ಟರಿಗೆ ತೋರಿಸಿದರೆ ಬೂಟಿನ ವಿಷಯ ಬರುತ್ತದೆ, ನಾಮದೇವನ ಕಿವಿಗೂ ಬೀಳುತ್ತದೆ. ಬಜಾರ್ ತುಂಬ ನಗು. ಅರವತ್ತೆರಡರ ವಯಸ್ಸಿನಲ್ಲಿ ಇದೇನು ನಾಚಿಕೆಗೇಡು. ಅರಿಶಿನ ಮೆತ್ತಿದ್ದೇನೆ. ಮಾಯ್ದೀತು.

ನವೆಂಬರ್ 27, ಕಲಬುರಗಿ ಆಸ್ಪತ್ರೆ
ನಿನ್ನೆ ಮನೆಯಲ್ಲಿ ವಾಸನೆ ಹಿಡಿದು ರಶೀದಾಳೇ ಸಾಕ್ಸ್ ಎಳೆದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಬೆರಳು ತೆಗೆಯಬೇಕಂತೆ. ಪಾದ ಉಳಿಯುತ್ತದೋ ಇಲ್ಲವೋ ಆಮೇಲೆ ನೋಡೋಣ ಎಂದರು ಡಾಕ್ಟರು. ಶುಗರ್‌ಗೆ ಕಾಲಿನ ನರಗಳು ಸತ್ತಿವೆ, ಮುಟ್ಟಿದ್ದು ತಿಳಿಯದು. ಅಂಥವರಿಗೆ ಸರಿಯಾದ ಬೂಟು ಸಡಿಲ ಅನಿಸುತ್ತದೆ, ಬಿಗಿಯಾದದ್ದೇ ಆರಾಮ. ಗಾಯ ಕಂಡ ದಿನವೇ ಯಾಕೆ ಬರಲಿಲ್ಲ ಎಂದು ಕೇಳಿದರು. ರಶೀದಾ ನನ್ನ ಕಡೆ ನೋಡಿದಳು. ನಾಮದೇವ ಕೈಯಿಟ್ಟು ಒಂದು ನಿಮಿಷದಲ್ಲಿ ಹೇಳಿದ್ದ. ಅವನ ಬಾಯಿ ಮುಚ್ಚಿಸಿದವನು ನಾನು.

ನವೆಂಬರ್ 28, ಸಂಜೆ 5
ನಾಳೆ ಆಪರೇಷನ್. ಎಲ್ಲ ಹೇಳಿಬಿಟ್ಟೆ — ಅಂಗಡಿಯ ಮಾತು, ಮಸೀದಿಯ ಸುಳ್ಳು. ರಶೀದಾ ಮಂಚದ ತುದಿಗೆ ಹೋಗಿ ಕೂತಳು. ನನ್ನ ಎಡಗಾಲು ತೊಡೆಯ ಮೇಲೆ ಇಟ್ಟುಕೊಂಡು ಒತ್ತತೊಡಗಿದಳು. ಇದು ಚೆನ್ನಾಗಿರುವ ಕಾಲು. ನಾಚಿಕೆಯಿಂದ ಕಣ್ಣು ಮುಚ್ಚಿ ಮಲಗಿದೆ. ವಾರ್ಡಿನಲ್ಲಿ ಜನ ಓಡಾಡುತ್ತಿದ್ದರು.
"ಕಾಲು ಬಿಡು ರಶೀದಾ, ಮಂದಿ ನೋಡ್ತಾರ."
"ಬಿಟ್ಟು ಭಾಳ ಹೊತ್ತಾತಲ್ರಿ."
ಕಣ್ಣು ತೆರೆದೆ. ಅವಳು ಕಿಟಕಿಯ ಹತ್ತಿರ ನಿಂತಿದ್ದಳು. ಯಾವಾಗ ಕೈ ತೆಗೆದಳೋ ನನಗೆ ತಿಳಿಯಲೇ ಇಲ್ಲ. ಹಾಗಾದರೆ ಎಡಗಾಲಿಗೂ —