ಅರ್ಧ ಸುತ್ತು ಸಾಕು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6.10, ಏರ್‌ಪೋರ್ಟ್

ಮತ್ತೆ ಅದೇ ಗಂಟುಮೂಟೆ. ಉದ್ದ ಕೊಳವೆಯಲ್ಲಿ ಕಮಾನು ಎರಡು. ಚೀಲದಲ್ಲಿ ರಾಳದ ಉಂಡೆ, ಒರೆಸುವ ಬಟ್ಟೆ, ಸದ್ದು ಹಿಡಿದು ಸ್ಪೀಕರಿಗೆ ಕಳಿಸುವ ಪಿಕಪ್, ಕೇಬಲ್ ಎರಡು, ಬಾಸಿನ ಕಾಲಿಗೆ ಹಾಕುವ ರಬ್ಬರ್ ಮೂರು — ಒಂದು ಹೇಗೂ ಕಳೆಯುತ್ತದೆ. ಎಲ್ಲ ಇದೆ. ಬಾಸ್ ಮಾತ್ರ ಇಲ್ಲ. ಪಿಟೀಲಿನ ಜಾತಿಯದೇ, ನನಗಿಂತ ಒಂದು ಮೊಳ ಎತ್ತರದ ವಾದ್ಯ, ವಿಮಾನದವರು ಕೈ ಮುಗಿಯುತ್ತಾರೆ. ಹಾಗಾಗಿ ಊರೂರಿನಲ್ಲಿ ಬಾಡಿಗೆಯದು. ಚಪ್ಪಲಿ ಹಿಡಿದುಕೊಂಡು ಕಾಲು ಮನೆಯಲ್ಲಿ ಬಿಟ್ಟು ಬಂದ ಹಾಗೆ.

ಸೆಕ್ಯುರಿಟಿಯಲ್ಲಿ ನನ್ನ ಸ್ಟೀಲ್ ಕೊಕ್ಕೆ ಹಿಡಿದರು.

“ಏನ್ರೀ ಇದು?”

“ಬಾಸಿನ ಹೊಟ್ಟೆ ಒಳಗೆ ಒಂದು ಕಡ್ಡಿ ನಿಂತಿರುತ್ತೆ. ಬಿದ್ದರೆ ಎತ್ತಿ ನಿಲ್ಲಿಸೋಕೆ.”

“ಬಾಸ್ ಎಲ್ಲಿ?”

“ಮನೇಲಿ.”

“ಹಾಗಾದ್ರೆ ಇದ್ಯಾಕೆ?”

ಬಾಡಿಗೆ ಬಾಸುಗಳಲ್ಲಿ ಆ ಕಡ್ಡಿ ಬೀಳುವುದು ಮಾಮೂಲು, ಅದು ಬಿದ್ದರೆ ವಾದ್ಯ ಮೂಕ, ಅದಕ್ಕೇ ನಾವು ಅದನ್ನು ಜೀವದ ಕಡ್ಡಿ ಎನ್ನುವುದು... ಇಷ್ಟೆಲ್ಲ ಹೇಳುವಷ್ಟರಲ್ಲಿ ಕೊಕ್ಕೆ ಡಬ್ಬ ಸೇರಿತ್ತು. ಹನ್ನೆರಡು ವರ್ಷದ ಕೊಕ್ಕೆ. ಹಿಂದಿನವನು ಬೇರೆ ಕೆಮ್ಮುತ್ತಿದ್ದ, ಬೇಗ ಬೇಗ ಅಂತ.

ಮಾರ್ಚ್ 5, ಗುರುವಾರ. ಮಧ್ಯಾಹ್ನ 3.00

ಎರಡನೇ ಊರು. ತಿಂಗಳ ಮುಂಚೆಯೇ ಎಲ್ಲ ಹಾಲ್‌ಗಳಿಗೂ ನಾಲ್ಕು ಪುಟದ ಪಟ್ಟಿ ಕಳಿಸಿದ್ದೇನೆ. ಐದು ತಂತಿಯ ಬಾಸ್. ತಂತಿ ಎಷ್ಟು ಎತ್ತರ. ಸ್ಟೂಲ್ ಎಷ್ಟು ಎತ್ತರ. ನಾನು ನಿಲ್ಲುವ ಕಡೆ ಕಾರ್ಪೆಟ್ ಬೇಡ, ಹಲಗೆ ಬೇಕು. ಚಿತ್ರ ಸಮೇತ.

ಸ್ಟೇಜಿನ ಮೇಲೆ ನಿಂತಿದ್ದದ್ದು ಚೆಲ್ಲೊ. ಪಕ್ಕದಲ್ಲಿ ಹಾಲ್ ಮ್ಯಾನೇಜರ್, ಮುಖದಲ್ಲಿ ಸಾರ್ಥಕ ಭಾವ.

“ಮೇಡಂ, ದೊಡ್ಡ ಸೈಜೇ ತರಿಸಿದೀನಿ.”

“ಇದು ಅದರ ಮರಿ, ಸ್ವಾಮಿ.”

“ಹೌದಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

ಅಡ್ಜಸ್ಟ್! ಇದೇನು ಬಸ್ಸಿನ ಸೀಟೇ? ಎರಡು ಗಂಟೆ ಫೋನು. ಕೊನೆಗೆ ಯಾವುದೋ ಶಾಲೆಯಿಂದ ಒಂದು ಬಾಸ್ ಬಂತು. ಹೊಟ್ಟೆಯೊಳಗೆ ಪೆನ್ಸಿಲ್, ಒಂದು ಚಾಕೊಲೇಟ್ ಕಾಗದ. ಪಟ್ಟಿ ಓದಿದಿರಾ ಅಂದರೆ — “ಪ್ರಿಂಟ್ ತೆಗೆದಿಟ್ಟಿದೀವಿ ಮೇಡಂ.” ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಮಾರ್ಚ್ 8, ಭಾನುವಾರ

ಮೂರನೇ ಊರು, ನಾಲ್ಕು ತಂತಿ. ಮತ್ತೆ ನಾಲ್ಕೇ.

ಕಾರ್ಯಕ್ರಮದ ಕೊನೆಯ ತುಣುಕಿನಲ್ಲಿ ಪಿಟೀಲು, ಪಿಯಾನೊ, ಕೊಳಲು ಮೂರೂ ನಿಲ್ಲುತ್ತವೆ. ನಾಲ್ಕು ನಿಮಿಷ ನಾನೊಬ್ಬಳೇ. ಪೂರಾ ಐದನೇ ತಂತಿಯ ಮೇಲೆ, ತೀರಾ ಕೆಳಗಿನ ಸ್ವರಗಳು. ಆ ತಂತಿ ಇಲ್ಲದಿದ್ದರೆ ಎಲ್ಲವನ್ನೂ ಮೇಲಕ್ಕೆತ್ತಿ ನುಡಿಸಬೇಕು. ನುಡಿಸಿದೆ. ಬಾವಿಯ ತಳದಿಂದ ಬರಬೇಕಾದದ್ದು ಮೊಣಕಾಲುದ್ದ ನೀರಿನಿಂದ ಬಂತು. ಎರಡನೇ ಸಾಲಿನಲ್ಲೊಬ್ಬರು ಕೈಗಡಿಯಾರ ನೋಡಿಕೊಂಡರು. ತಂಡದ ಯಜಮಾನರೂ ನೋಡಿದರು — ಗಡಿಯಾರವನ್ನಲ್ಲ, ಆ ಮನುಷ್ಯನನ್ನು.

ಮಾರ್ಚ್ 9, ಸೋಮವಾರ. ರೈಲಿನಲ್ಲಿ

ಈ ಪುಟದಲ್ಲಿ ಪೆನ್ನು ಎರಡು ಕಡೆ ಕಾಗದ ಹರಿದಿದೆ. ರೈಲಿನ ಕುಲುಕಾಟಕ್ಕಲ್ಲ.

ಯಜಮಾನರು ಎದುರು ಬಂದು ಕೂತರು. ಪಿಟೀಲು ಅವರದ್ದು, ತಂಡವೂ ಅವರದ್ದು. ಪಿಟೀಲು ಮಡಿಲಲ್ಲಿ, ಮಗುವಿನ ಹಾಗೆ. ಎಲ್ಲಿಗೆ ಬೇಕಾದರೂ ಮಡಿಲಲ್ಲೇ ಹೋಗುತ್ತದೆ, ಪುಣ್ಯವಂತರು.

“ಮುಂದಿನ ವರ್ಷ ಮೂರೇ ಜನ ಹೋಗೋಣ ಅಂತ ಯೋಚನೆ. ನಿಮ್ಮ ಭಾಗ ಪಿಯಾನೊದ ಎಡಗೈಗೆ ಬರುತ್ತೆ. ಪ್ರತಿ ಊರಲ್ಲೂ ಈ ಬಾಸಿನ ರಗಳೆ ಯಾರಿಗೆ ಬೇಕು ಹೇಳಿ.”

“ಇವು ಯಾವುವೂ ನನ್ನ ಬಾಸ್ ಅಲ್ಲ ಸಾರ್.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.” ಹೇಳಿ ತಾವೇ ನಕ್ಕರು. ಪಕ್ಕದಲ್ಲಿದ್ದ ಪಿಯಾನೊದವಳು ಕಿಟಕಿಯಾಚೆ ನೋಡಿದಳು. ಎಡಗೈಯನ್ನು ಸೆರಗಿನ ಕೆಳಗೆ ಇಟ್ಟುಕೊಂಡಳು, ಪಾಪ.

ಈ ತಂಡದಲ್ಲಿ ಹತ್ತೊಂಬತ್ತು ವರ್ಷ. ಮೈಯೆಲ್ಲ ಉರಿದುಹೋಯಿತು. ಆದರೂ ಮೆತ್ತಗೇ ಹೇಳಿದೆ — “ಕೊನೇ ಊರಿಗೆ ನನ್ನದೇ ಬಾಸ್ ತರಿಸ್ತೀನಿ. ಒಂದು ಸಲ ಕೇಳಿ. ಆಮೇಲೆ ಹೇಳಿ.”

“ಆಯ್ತಮ್ಮ. ಇಪ್ಪತ್ತೊಂದನೇ ತಾರೀಖು ಕೇಳೇ ತೀರ್ಮಾನ ಮಾಡೋಣ.”

ಅಲ್ಲಿಗೆ ನನ್ನ ಮುಂದಿನ ವರ್ಷ ನಾಲ್ಕು ನಿಮಿಷದಲ್ಲಿದೆ.

ಅದೇ ದಿನ, ಸಂಜೆ 5.30

ತಮ್ಮನಿಗೆ ಫೋನ್ ಮಾಡಿದೆ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಕೆಲಸ ಕಟ್ಟು ಹಲ್ಲು ಮಾಡುವುದು. ಓಣಿಯಲ್ಲಿ ಅರ್ಧ ಜನ ನಗುವುದು ಅವನ ಹಲ್ಲಿನಲ್ಲಿ. ಜೇಬಿನಲ್ಲಿ ಪೆನ್ನಿನ ಬದಲು ಬಾಯಿ ನೋಡುವ ಪುಟ್ಟ ಕನ್ನಡಿ.

“ಎರಡು ದಿನದ ದಾರಿ ಕಣೋ. ನಿನ್ನ ವ್ಯಾನಲ್ಲಿ ತರ್ತೀಯಾ?”

“ತರ್ತೀನಿ ಬಿಡಕ್ಕ. ಒಂದು ಅಜ್ಜಿ ಹಲ್ಲಿನ ಸೆಟ್ಟು ಬಾಕಿ ಇದೆ, ಕೊಟ್ಟು ಹೊರಡ್ತೀನಿ. ನಿನ್ನ ಆನೆಗೆ ಮೇವು ಏನಾದ್ರೂ ಹಾಕ್ಬೇಕಾ?”

ಇಡೀ ದಿನದಲ್ಲಿ ನಕ್ಕಿದ್ದು ಆಗೊಂದೇ ಸಲ.

ಮಾರ್ಚ್ 14, ಶನಿವಾರ

ಐದನೇ ಊರು. ಬಾಸಿನ ಕಾಲೇ ಇಲ್ಲ! ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದಾರೆ. ಸ್ಟೂಲು ಕೇಳಿದರೆ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಮೇಲೆ ಕುರ್ಚಿ ಇಟ್ಟು ಕೂತೆ.

ನಡುವೆ ತಮ್ಮನ ಫೋನ್. ಬಾಸ್ ವ್ಯಾನಿನಲ್ಲಿ ಮಲಗುತ್ತದೆಯಂತೆ, ಆದರೆ ಕುತ್ತಿಗೆ ಡ್ರೈವರ್ ಪಕ್ಕದ ಸೀಟಿನ ಮೇಲೆ ಬರುತ್ತದಂತೆ, ಪರವಾಗಿಲ್ಲವಾ ಅಂತ. ಪರವಾಗಿಲ್ಲ ಅಂತ ರೇಗಿ ಇಟ್ಟೆ. ಸಿಟ್ಟು ಯಾರ ಮೇಲೋ, ತೀರಿಸಿದ್ದು ಯಾರ ಮೇಲೋ.

ಮಾರ್ಚ್ 19, ಗುರುವಾರ. ರಾತ್ರಿ

ಸೌಂಡ್‌ಚೆಕ್‌ನಲ್ಲಿ ಸ್ಪೀಕರ್ ಗುಂಯ್‌ಗುಡುತ್ತಿತ್ತು. ಸೌಂಡ್‌ನವನು ತಪ್ಪು ನನ್ನ ಕೇಬಲ್‌ದು ಅಂತ, ನಾನು ಅವನ ಡಬ್ಬಿಯದು ಅಂತ. ಎತ್ತು ಏರಿಗೆ, ಕೋಣ ನೀರಿಗೆ. ಅದರ ಮಧ್ಯೆ ಮೂರು ಸಲ ತಮ್ಮನ ಫೋನ್ ಬಂತು. ಎತ್ತಲಿಲ್ಲ. ಬಾಸ್ ಹೊರಡಿಸುವಾಗ ತಂತಿ ಸಡಿಲ ಮಾಡಬೇಕು ಅಂತ ನೆನಪಾಗಿ ಒಂದು ಸಾಲು ಮೆಸೇಜ್ ಹಾಕಿದೆ.

ಅವನು ಹೊರಟಿದ್ದಾನೆ. ಇನ್ನೆರಡು ದಿನ.

ಮಾರ್ಚ್ 21, ಶನಿವಾರ. ಬೆಳಿಗ್ಗೆ 11.20, ಕೊನೆಯ ಊರು

ಬಂತು!! ಹಾಲಿನ ಹಿಂದಿನ ಗೇಟಿನಲ್ಲಿ ವ್ಯಾನ್. ತಮ್ಮನ ಕಣ್ಣು ಕೆಂಪಗೆ, ಅಂಗಿ ಮುದ್ದೆ, ಮುಖದ ತುಂಬ ನಗು. ಬಾಸಿಗೆ ಎರಡು ಹಾಸಿಗೆ, ಮೂರು ದಿಂಬು. ಅವನ ಬೆನ್ನಿಗೆ ಒಂದೂ ಇಲ್ಲ. ಒಳಗೆ ಒಯ್ಯಲು ಇಬ್ಬರೂ ಎತ್ತಿದೆವು.

ಎತ್ತುತ್ತಲೇ ಒಳಗೆ ಲೊಟಲೊಟ ಅಂತು.

11.50

ಜೀವದ ಕಡ್ಡಿ ಬಿದ್ದಿದೆ.

ಅದಕ್ಕೆ ಅಂಟು ಹಾಕಿರುವುದಿಲ್ಲ. ತಂತಿಗಳು ಬಿಗಿಯಾಗಿದ್ದು ಮೇಲಿನಿಂದ ಒತ್ತುತ್ತಿದ್ದರೆ ಮಾತ್ರ ನಿಂತಿರುತ್ತದೆ. ಇವನು ಐದೂ ತಂತಿ ಪೂರ್ತಿ ಬಿಚ್ಚಿದ್ದಾನೆ. ನೀಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಬೇರೆ ಹಾಕಿದ್ದಾನೆ.

ಬಾಯಿಗೆ ಬಂದ ಹಾಗೆ ಬೈದೆ. ಹಾಲಿನವರೆಲ್ಲ ನಿಂತು ನೋಡುವ ಹಾಗೆ. ಹಲ್ಲು ಕೀಳುವವನ ಕೈಗೆ ವೀಣೆ ಕೊಟ್ಟರೆ ಇನ್ನೇನಾಗುತ್ತದೆ ಅಂದೆ. ಅವನು ಕೀಳುವವನಲ್ಲ, ಕಟ್ಟುವವನು. ಗೊತ್ತಿದ್ದೂ ಅಂದೆ.

ಅವನು ಫೋನ್ ತೆಗೆದು ಹಿಡಿದ.

“ನೀನೇ ನೋಡಕ್ಕ. ತಂತಿ ಏನ್ಮಾಡ್ಲಿ ಅಂತ ಕೇಳೋಕೇ ಮೂರು ಸಲ ಮಾಡಿದ್ದೆ.”

ನನ್ನ ಮೆಸೇಜ್: ‘ತಂತಿ ಸಡಿಲ ಮಾಡಿ ತಾ. ಫೋನ್ ಮಾಡಬೇಡ, ಕೆಲಸ ಇದೆ.’

ಅಷ್ಟೇ. ಓದದವರಿಗೆ ಚಿತ್ರ ಸಮೇತ ನಾಲ್ಕು ಪುಟ. ಅಕ್ಷರ ಬಿಡದೆ ಓದುವವನಿಗೆ ಒಂದು ಸಾಲು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ. ತಪ್ಪು ನನ್ನದು ಕಣೋ ಅನ್ನಬೇಕಿತ್ತು. ಅನ್ನದೆ, ರೂಢಿಯಂತೆ ಚೀಲದಲ್ಲಿ ಕೊಕ್ಕೆ ಹುಡುಕಿದೆ.

ಕೊಕ್ಕೆ ಏರ್‌ಪೋರ್ಟಿನ ಡಬ್ಬದಲ್ಲಿ. ಈ ಊರಲ್ಲಿ ರಿಪೇರಿಯವರು ಒಬ್ಬರೇ, ಶನಿವಾರ ರಜೆ.

ಮಧ್ಯಾಹ್ನ 2.30

ಗ್ರೀನ್ ರೂಮಿನ ನೆಲದಲ್ಲಿ ಬಾಸ್ ಮಲಗಿದೆ. ತಮ್ಮ ಬೀರುವಿನಿಂದ ತಂತಿಯ ಹ್ಯಾಂಗರ್ ಎಳೆದ, ಎರಡೆಳೆ ಮಡಿಸಿದ, ಇಕ್ಕಳದಲ್ಲಿ ಬಗ್ಗಿಸಿದ. ದಿನವಿಡೀ ಹಲ್ಲಿನ ಸೆಟ್ಟಿಗೆ ತಂತಿ ಬಗ್ಗಿಸುವ ಕೈ, ಐದು ನಿಮಿಷದಲ್ಲಿ ಕೊಕ್ಕೆ ತಯಾರು. ತುದಿ ಅರದಲ್ಲಿ ಉಜ್ಜಿ ಚೂಪು ಮಾಡಿದ. ಬಾಸನ್ನು ಮಗುಚಿ ಅಲ್ಲಾಡಿಸಿ ಕಡ್ಡಿ ಹೊರಗೆ ತೆಗೆದೆವು. ಗೇಣುದ್ದದ ಕಡ್ಡಿ. ಇಷ್ಟಕ್ಕೆ ಇಷ್ಟೆಲ್ಲ.

ನಾನು ಕೊಕ್ಕೆಗೆ ಕಡ್ಡಿ ಚುಚ್ಚಿ ಬಾಸಿನ ಸೀಳಿನಿಂದ ಒಳಗೆ ಬಿಡುವುದು. ಅವನು ಇನ್ನೊಂದು ಸೀಳಿಗೆ ಕನ್ನಡಿ, ಮೊಬೈಲ್ ಬೆಳಕು ಹಿಡಿದು ದಾರಿ ಹೇಳುವುದು.

“ಎಡಕ್ಕೆ... ಸ್ವಲ್ಪ. ಅಯ್ಯೋ, ಜಾಸ್ತಿ ಆಯ್ತು. ಬಾಗಿದೆ ಅಕ್ಕ.”

ಬಿತ್ತು. ಮತ್ತೆ. ಬಿತ್ತು.

4.15

ಯಜಮಾನರು ಬಾಗಿಲಲ್ಲಿ ಇಣುಕಿದರು. “ಆಗುತ್ತಾ? ಪಿಯಾನೊದವರಿಗೆ ಹೇಳಿಡ್ಲಾ?”

ನಾನು ಬಾಯಿ ತೆರೆಯುವ ಮುಂಚೆ ತಮ್ಮ — “ಬಾಗಿಲು ಹಾಕ್ಕೊಳ್ಳಿ ಸಾರ್, ಗಾಳಿ ಬರುತ್ತೆ.” ಗಾಳಿಗೂ ಕಡ್ಡಿಗೂ ಸಂಬಂಧವೇ ಇಲ್ಲ.

ಏಳು ಸಲ ಬಿದ್ದಿದೆ. ಬೆರಳು ಕುಯ್ದಿದೆ. ಅಳು ಬಂತು, ಅತ್ತೂಬಿಟ್ಟೆ. ಅವನು ಕನ್ನಡಿ ಕೆಳಗಿಡದೆ, “ಅಜ್ಜಿ ಸೆಟ್ಟು ಒಂಬತ್ತನೇ ಸಲಕ್ಕೆ ಕೂತ್ಕೊಳ್ತು,” ಅಂದ.

5.40

ನಿಂತಿತು. ಕೂದಲೆಳೆಯಷ್ಟು ಓರೆ. ಇರಲಿ. ಒಂದೊಂದೇ ತಂತಿ ಏರಿಸಿದೆ. ಐದನೆಯದನ್ನು ಮೀಟಿದಾಗ ತಮ್ಮ ಬಾಸಿನ ಬೆನ್ನಿಗೆ ಅಂಗೈ ಇಟ್ಟು ಕೂತಿದ್ದ. ಸದ್ದು ನಿಂತ ಮೇಲೂ ತೆಗೆಯಲಿಲ್ಲ.

ಸೀರೆ ಬದಲಾಯಿಸಬೇಕು. ಕೈಯೆಲ್ಲ ರಾಳ, ರಕ್ತ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 8.45

ನುಡಿಸಿದೆ. ಹೇಗೆ ಅಂತ ಬರೆಯಲು ಬರುವುದಿಲ್ಲ. ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು. ನಾಲ್ಕು ನಿಮಿಷ ಮುಗಿದ ಮೇಲೆ ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ಪಿಯಾನೊದವಳು ಮುಂದಿನ ಜಾಗದಲ್ಲಿ ಶುರು ಮಾಡುವುದನ್ನೇ ಮರೆತಳು.

ಆಮೇಲೆ ತಮ್ಮ ಹಿಂದೆ ಬಂದ. “ಅಕ್ಕ, ಗೋಡೆ ಆಚೆಯಿಂದ ಇಷ್ಟು ವರ್ಷ ಕೇಳ್ತಿದ್ದದ್ದು ಇದಾ?”

“ಇದೇ.”

“ಮತ್ತೆ ಒಂದಿನಾನೂ ಯಾಕೆ ಕರೀಲಿಲ್ಲ?”

ಕಮಾನಿನ ರಾಳ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಇವತ್ತು ತಿಂಡಿಯ ಹೊತ್ತಿಗೆ ಯಜಮಾನರು ಪಕ್ಕಕ್ಕೆ ಕರೆದರು. ಕಣ್ಣು ತೇವವಾಗಿತ್ತು, ಸುಳ್ಳು ಹೇಳಬಾರದು.

“ನಿನ್ನೆಯದು... ನಾನು ಕೇಳೇ ಇರಲಿಲ್ಲಮ್ಮ ಅಂಥದ್ದು. ಆದರೆ ಮುಂದಿನ ವರ್ಷಕ್ಕೆ ಮೂರು ಟಿಕೆಟ್ ಹೋದ ವಾರವೇ ಬುಕ್ ಆಗಿಬಿಟ್ಟಿದೆ.”

“ಕೇಳೇ ತೀರ್ಮಾನ ಅಂದಿದ್ರಿ.”

“ನೀವು ಹೀಗೆ ನುಡಿಸ್ತೀರಿ ಅಂತ ಯಾರಿಗೆ ಗೊತ್ತಿತ್ತು?”

“ಹತ್ತೊಂಬತ್ತು ವರ್ಷ ನಿಮ್ಮ ಎಡಗಡೆ ಎರಡು ಮಾರು ದೂರದಲ್ಲೇ ನಿಂತಿದ್ದೆ ಸಾರ್.”

ಅವರು ಸಕ್ಕರೆ ಹಾಕದ ಕಾಫಿಯನ್ನು ಕಲಕುತ್ತಲೇ ಇದ್ದರು. ನಾನು ಎದ್ದು ಬಂದೆ.

9.30

ವ್ಯಾನ್ ಹೊರಡಬೇಕು. ಪಕ್ಕದ ಸೀಟಿನಲ್ಲಿ ಬಾಸಿನ ಕುತ್ತಿಗೆ, ನನಗೆ ಜಾಗವಿಲ್ಲ. ನಾನು ವಿಮಾನ. ಅವನು ಮತ್ತೆ ಎರಡು ದಿನ ಒಬ್ಬನೇ.

ಬಾಸಿಗೆ ಕವರ್ ಹಾಕುವ ಮುಂಚೆ ಕೈ ಚಾಚಿ ನಿಂತ. “ತಂತಿ ವಿಷಯ ಈ ಸಲ ಬಿಡಿಸಿ ಬರೆದು ಕೊಡಕ್ಕ. ನಿನ್ನ ಒಂದು ಸಾಲಿನ ಮೆಸೇಜ್ ಬೇಡಪ್ಪ.”

ಬೇರೆ ಕಾಗದವಿಲ್ಲ. ಈ ಪುಟದ ಕೆಳಗೇ ಬರೆದು ಹರಿದು ಕೊಡುತ್ತೇನೆ.

ತಮ್ಮಾ,

ಒಂದು ಸಲಕ್ಕೆ ಒಂದೇ ತಂತಿ. ಅರ್ಧ ಸುತ್ತು ಸಾಕು. ಪೂರ್ತಿ ಯಾವುದನ್ನೂ ಬಿಚ್ಚಬೇಡ.

ಬಿಸಿಲಲ್ಲಿ ವ್ಯಾನ್ ನಿಲ್ಲಿಸಬೇಡ. ಒಂದು ದಿಂಬು ನಿನ್ನ ಬೆನ್ನಿಗೆ ಇಟ್ಟುಕೋ, ಬಾಸಿಗೆ ಎರಡು ಧಾರಾಳ.

ನಿನ್ನೆ ತಪ್ಪು ನಿನ್ನದಲ್ಲ.

ಏನೇ ಅನುಮಾನ ಬಂದರೂ ಫೋನ್ ಮಾಡು. ಎಷ್ಟು ಸಲ ಆದರೂ ಸರಿ. ನಾನು ಎತ್ತುತ್ತೇನೆ.